ಓಟಿಪಿಗೊಂದು ಬಾಡಿಗೆ ನಂಬರ್

ಒಂದು ಕೂಪನ್ ನೋಡೋಣ ಅಂತ ಯಾವುದೋ ಆ್ಯಪ್ ಹಾಕಿಕೊಳ್ಳುತ್ತೀರಿ. ತೆರೆದ ತಕ್ಷಣ ಅದು ಮೊಬೈಲ್ ನಂಬರ್ ಕೇಳುತ್ತದೆ. ಕೊಟ್ಟರೆ ನಾಳೆಯಿಂದಲೇ ಸೈಟು ಬೇಕಾ, ಸಾಲ ಬೇಕಾ, ಇನ್ಶೂರೆನ್ಸ್ ಮಾಡಿಸಿದ್ದೀರಾ ಅಂತ ಕರೆಗಳು ಶುರು. ಕೊಡದಿದ್ದರೆ ಆ್ಯಪ್ ಮುಂದಕ್ಕೇ ಹೋಗೋದಿಲ್ಲ. ಹಾಗಾಗಿ ಸಾಕಷ್ಟು ಜನ ಮೂರನೇ ದಾರಿ ಹುಡುಕುತ್ತಾರೆ. ಓಟಿಪಿ ತೆಗೆದುಕೊಳ್ಳೋದಕ್ಕೆ ಮಾತ್ರ ಬೇರೆ ಯಾವುದಾದರೂ ನಂಬರ್ ಪುಕ್ಕಟೆ ಸಿಗುತ್ತಾ ಅಂತ.

ಸಿಗುತ್ತದೆ. ಅಂಥ ತಾಣಗಳು ಬೇಕಾದಷ್ಟಿವೆ. ಒಂದನ್ನು ತೆರೆದರೆ ಅಮೆರಿಕ, ಬ್ರಿಟನ್, ಸ್ವೀಡನ್ ಅಂತ ಬಾವುಟಗಳ ಸಾಲು, ಪಕ್ಕದಲ್ಲೊಂದು ನಂಬರ್. ನಂಬರ್ ಒತ್ತಿದರೆ ಅದಕ್ಕೆ ಬಂದ ಎಸ್ಸೆಮ್ಮೆಸ್‌ಗಳೆಲ್ಲ ಒಂದರ ಕೆಳಗೊಂದು ಕಾಣುತ್ತವೆ. ಯಾರೋ ಡೇಟಿಂಗ್ ಆ್ಯಪ್‌ಗೆ ಸೇರುತ್ತಿದ್ದಾರೆ. ಇನ್ಯಾರೋ ಇಮೇಲ್ ಖಾತೆ ತೆರೆಯುತ್ತಿದ್ದಾರೆ. ಮತ್ಯಾರದೋ ಪಾಸ್‌ವರ್ಡ್ ಬದಲಿಸುವ ಕೋಡ್ ಬಂದಿದೆ, ‘ಇದನ್ನು ಯಾರಿಗೂ ಹೇಳಬೇಡಿ’ ಅನ್ನುವ ಎಚ್ಚರಿಕೆಯ ಸಮೇತ! ಇದನ್ನೆಲ್ಲ ಓದೋದಕ್ಕೆ ಲಾಗಿನ್ ಬೇಡ, ದುಡ್ಡು ಬೇಡ. ನಿಮ್ಮ ಕೋಡ್ ಬರಲಿ ಅಂತ ನೀವು ಕಾಯುತ್ತಿರುವಾಗ ಅದೇ ಪುಟವನ್ನು ಇನ್ಯಾರು ನೋಡುತ್ತಿದ್ದಾರೋ ಗೊತ್ತಾಗೋದಿಲ್ಲ.

ಫೋನೂ ಇಲ್ಲ, ನಮ್ಮ ಕೈಯಲ್ಲಿ ಸಿಮ್ಮೂ ಇಲ್ಲ, ಆದರೂ ಎಸ್ಸೆಮ್ಮೆಸ್ ಬರುತ್ತದೆ ಅಂದರೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ನಮ್ಮ ನಂಬರ್ ನಮ್ಮ ಸಿಮ್‌ನೊಳಗೆ ಇದೆ ಅಂತ ನಾವು ಅಂದುಕೊಂಡಿರೋದೇ ಇದಕ್ಕೆ ಕಾರಣ. ನೆಟ್‌ವರ್ಕ್ ನಿಮ್ಮನ್ನು ಗುರುತಿಸೋದು ಆ ಹತ್ತಂಕಿಯಿಂದಲ್ಲ. ಸಿಮ್‌ನಲ್ಲಿ ಐಎಂಎಸ್ಐ ಅನ್ನುವ ಬೇರೆಯೇ ಒಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 15 ಅಂಕಿಗಳದ್ದು. ಭಾರತದ ಸಿಮ್ ಆದರೆ ಅದು 404 ಅಥವಾ 405ರಿಂದ ಶುರುವಾಗುತ್ತದೆ. ಜೊತೆಗೆ ಒಂದು ಗುಟ್ಟಿನ ಕೀಲಿ ಇರುತ್ತದೆ, ಅದು ಸಿಮ್‌ನಿಂದ ಹೊರಗೆ ಬರೋದೇ ಇಲ್ಲ. ನಿಮ್ಮ ಹತ್ತಂಕಿಯ ನಂಬರಿಗೂ ಆ ಐಎಂಎಸ್ಐಗೂ ಇರುವ ನಂಟು ಕಂಪನಿಯ ಕಂಪ್ಯೂಟರಿನ ಒಂದು ದಾಖಲೆಪುಸ್ತಕದಲ್ಲಿ ಬರೆದಿರುತ್ತದೆ. ಅದಕ್ಕೆ ಎಚ್‌ಎಲ್‌ಆರ್ ಅಂತಾರೆ.

ಸಿಮ್ ಕಳೆದುಹೋದಾಗ ಅಂಗಡಿಯವನು ಹೊಸ ಸಿಮ್ ಕೊಟ್ಟು ಹಳೇ ನಂಬರನ್ನೇ ಉಳಿಸಿಕೊಡುತ್ತಾನೆ. ಆಗ ಆಗೋದು ಇಷ್ಟೇ: ಆ ಪುಸ್ತಕದಲ್ಲಿ ನಿಮ್ಮ ನಂಬರಿನ ಎದುರು ಹೊಸ ಐಎಂಎಸ್ಐ ಬರೆಯುತ್ತಾರೆ. 2011ರ ಜನವರಿ 20ರಂದು ದೇಶದ ತುಂಬಾ ನಂಬರ್ ಪೋರ್ಟಿಂಗ್ ಬಂತಲ್ಲ, ಕಂಪನಿ ಬದಲಾದರೂ ನಂಬರ್ ಹಾಗೇ ಉಳಿಯೋದಕ್ಕೆ ಕಾರಣವೂ ಇದೇ.

ಬ್ಯಾಂಕಿನ ಓಟಿಪಿ ಹೊರಟಾಗ ಮೊದಲು ಒಂದು ಎಸ್ಸೆಮ್ಮೆಸ್ ಕೇಂದ್ರಕ್ಕೆ ಬರುತ್ತದೆ. ಈ ನಂಬರಿನವರು ಈಗ ಎಲ್ಲಿದ್ದಾರೆ ಅಂತ ಆ ಕೇಂದ್ರ ಎಚ್‌ಎಲ್‌ಆರ್ ಅನ್ನು ಕೇಳುತ್ತದೆ. ದಾವಣಗೆರೆಯ ಯಾವುದೋ ಸ್ವಿಚ್ಚಿನ (ಅಂದರೆ ಕರೆ, ಸಂದೇಶಗಳನ್ನು ಜೋಡಿಸುವ ಯಂತ್ರದ) ಹತ್ತಿರ ಇದ್ದಾರೆ ಅಂತ ಉತ್ತರ ಬಂದರೆ ಸಂದೇಶ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಟವರ್, ಟವರಿನಿಂದ ನಿಮ್ಮ ಫೋನು. ಜಿಎಸ್ಎಂ ಅನ್ನುವ ಮೊಬೈಲ್ ವ್ಯವಸ್ಥೆಯನ್ನು ರೂಪಿಸಿದವರು ಈ ಸಂದೇಶಗಳನ್ನು ಮಾತಿನ ದಾರಿಯಲ್ಲಿ ಕಳಿಸಲಿಲ್ಲ. ಕರೆಗಳನ್ನು ಜೋಡಿಸಲು ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಣ್ಣ ದಾರಿಯಲ್ಲಿ ತೂರಿಸಿದರು. ಜಾಗ ಕಮ್ಮಿ, 140 ಬೈಟ್ ಅಷ್ಟೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಿಗಿಂತ ಕೊಂಚ ಕಮ್ಮಿ ಸಾಕು, ಅದಕ್ಕೇ ಅಲ್ಲಿ 160 ಅಕ್ಷರದ ಮಿತಿ. ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯಿತು, ಅದರಲ್ಲೂ ‘ಕ್ಷ’ ಒಂದೇ ಮೂರು ಜಾಗ ತಿನ್ನುತ್ತದೆ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಕಳಿಸಿದ ಮೊದಲ ಎಸ್ಸೆಮ್ಮೆಸ್ ಒಂದು ಕ್ರಿಸ್‌ಮಸ್ ಶುಭಾಶಯ. ಮುಂದೊಂದು ದಿನ ಇದೇ ದಾರಿಯಲ್ಲಿ ಬ್ಯಾಂಕ್ ಖಾತೆಯ ಬೀಗದ ಕೈಗಳು ಓಡಾಡುತ್ತವೆ ಅಂತ ಆಗ ಯಾರೂ ಲೆಕ್ಕ ಹಾಕಿರಲಿಲ್ಲ.

ಸಿಮ್ಮೇ ಇಲ್ಲದೆ ಎಸ್ಸೆಮ್ಮೆಸ್ ಪಡೆಯುವ ಇಂಥ ನಂಬರಿಗೆ ವರ್ಚುವಲ್ ನಂಬರ್ ಅಂತಾರೆ. ಅದು ಹೇಗೆ ಅಂತ ಈಗ ಹೇಳೋದು ಸುಲಭ. ಆ ನಂಬರಿನ ಎದುರು ಸಿಮ್ಮಿನ ಬದಲು ಒಂದು ಕಂಪ್ಯೂಟರಿನ ವಿಳಾಸ ಇರುತ್ತದೆ, ಬಂದ ಸಂದೇಶವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಅಲ್ಲಿಗೆ ದಾಟಿಸಿಬಿಡುತ್ತಾರೆ. ಇದರಲ್ಲಿ ಕಳ್ಳತನವೇನೂ ಇಲ್ಲ. 2008ರಲ್ಲಿ ಶುರುವಾದ ಟ್ವಿಲಿಯೊದಂಥ ಕಂಪನಿಗಳ ವ್ಯಾಪಾರವೇ ಇದು. 2009ರಲ್ಲಿ ಬಂದ ಗೂಗಲ್ ವಾಯ್ಸ್ ಕೂಡ ಇದೇ ಜಾತಿ. ಊಟ ತಂದುಕೊಡುವ ಹುಡುಗ ಫೋನ್ ಮಾಡಿದಾಗ ಎಷ್ಟೋ ಸಲ ಅವನ ನಂಬರ್ ನಿಮಗೆ ಕಾಣೋದಿಲ್ಲ, ನಿಮ್ಮದು ಅವನಿಗೆ ಕಾಣೋದಿಲ್ಲ. ನಡುವೆ ಇರೋದು ಇಂಥದೇ ಒಂದು ನಂಬರ್. ಬೆಂಗಳೂರಿನ ಜಿಪ್‌ಡಯಲ್ ಅನ್ನುವ ಕಂಪನಿ ನಮ್ಮ ಮಿಸ್ಡ್ ಕಾಲ್ ಚಟವನ್ನೇ ಇಂಥ ನಂಬರುಗಳ ಮೇಲೆ ವ್ಯಾಪಾರ ಮಾಡಿಕೊಂಡಿತ್ತು, 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು.

ಆದರೆ ಖಾತೆ ತೆರೆಯೋಕೆ ಇಂಥ ನಂಬರ್ ಕೊಟ್ಟರೆ ಎಷ್ಟೋ ಕಡೆ ಒಪ್ಪೋದಿಲ್ಲ. ಯಾವ ನಂಬರ್ ಮೊಬೈಲಿನದು, ಯಾವುದು ಲ್ಯಾಂಡ್‌ಲೈನ್, ಯಾವುದು ಇಂಟರ್‌ನೆಟ್ಟಿನದು ಅಂತ ಹೇಳುವ ಸೇವೆಗಳಿವೆ. ಆ್ಯಪ್‌ನವರು ಓಟಿಪಿ ಕಳಿಸುವ ಮೊದಲೇ ಅಲ್ಲಿ ವಿಚಾರಿಸುತ್ತಾರೆ. ಇಂಟರ್‌ನೆಟ್ ನಂಬರ್ ಅಂತ ಗೊತ್ತಾದರೆ ‘ಈ ನಂಬರ್ ಬಳಸುವಂತಿಲ್ಲ’ ಅಂತ ಬಂದುಬಿಡುತ್ತದೆ. ಬಾಡಿಗೆ ವ್ಯಾಪಾರದವರು ಸುಮ್ಮನೆ ಕೂರುತ್ತಾರಾ? ನಿಜವಾದ ಸಿಮ್‌ಗಳನ್ನೇ ಸಾವಿರಗಟ್ಟಲೆ ತಂದು, ಸಿಮ್ ಬಾಕ್ಸ್ ಅನ್ನುವ ಡಬ್ಬಿಗಳಿಗೆ ತುಂಬಿ, ಬಂದ ಕೋಡನ್ನು ವೆಬ್‌ಸೈಟಿನಲ್ಲಿ ಮಾರಲು ಶುರು ಮಾಡಿದರು. ನಂಬರ್ ಅಪ್ಪಟ ಮೊಬೈಲಿನದೇ, ಹಾಗಾಗಿ ಜರಡಿಯಲ್ಲಿ ಸಿಕ್ಕಿಬೀಳೋದು ಕಷ್ಟ.

ಇದು ಎಷ್ಟು ದೊಡ್ಡ ದಂಧೆ ಅನ್ನೋದು 2025ರ ಅಕ್ಟೋಬರ್‌ನಲ್ಲಿ ಲಾಟ್ವಿಯಾದಲ್ಲಿ ಬಯಲಾಯಿತು. ಯುರೋಪಿನ ದೇಶಗಳ ಪೊಲೀಸರನ್ನು ಜೋಡಿಸುವ ಯೂರೋಪೋಲ್ ಸಂಸ್ಥೆಯ ನೆರವಿನಿಂದ ಅಲ್ಲಿ ನಡೆದ ದಾಳಿಯಲ್ಲಿ ಸಿಕ್ಕಿದ್ದು 1,200 ಸಿಮ್ ಬಾಕ್ಸ್‌ಗಳು, ಅವುಗಳಲ್ಲಿ ಓಡುತ್ತಿದ್ದ 40,000 ಸಿಮ್‌ಗಳು. 80ಕ್ಕೂ ಹೆಚ್ಚು ದೇಶಗಳ ಜನರ ಹೆಸರಿನಲ್ಲಿದ್ದ ನಂಬರುಗಳನ್ನು ಇವರು ಬಾಡಿಗೆಗೆ ಬಿಟ್ಟಿದ್ದರು. ಅವುಗಳಿಂದ ತೆರೆದ ಖಾತೆಗಳು 4.9 ಕೋಟಿ ಮೀರಿದ್ದವು ಅಂತ ಯೂರೋಪೋಲ್ ಹೇಳಿತು. ಕರ್ನಾಟಕದ ಜನಸಂಖ್ಯೆಯೇ ಹೆಚ್ಚುಕಮ್ಮಿ ಏಳು ಕೋಟಿ, ಅದರ ಪಕ್ಕ ಈ ಲೆಕ್ಕ ಇಟ್ಟು ನೋಡಿ. ಸುಳ್ಳು ವಿಮರ್ಶೆ, ಸುಳ್ಳು ಅಂಗಡಿ, ಹೂಡಿಕೆಯ ಮೋಸ, ಇವುಗಳಲ್ಲಿ ಎಷ್ಟೋ ಮೋಸಗಳ ಹಿಂದೆ ಇಂಥ ಖಾತೆಗಳೇ ಇರೋದು.

ಇಷ್ಟೆಲ್ಲ ಆದರೂ ಕಂಪನಿಗಳು ಓಟಿಪಿ ಬಿಡೋದಿಲ್ಲ ಯಾಕೆ? ನನಗನ್ನಿಸೋದು, ಖಾತೆ ತೆರೆಯುವಾಗ ಕೇಳುವ ಓಟಿಪಿ ನೀವು ಯಾರು ಅಂತ ತಿಳಿಯೋಕೆ ಇರೋದೇ ಅಲ್ಲ. ಆ ಗಳಿಗೆಯಲ್ಲಿ ಆ ನಂಬರಿಗೆ ಬಂದದ್ದನ್ನು ಯಾರೋ ಒಬ್ಬರು ಓದಿದರು ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಅದರ ಅಸಲಿ ಕೆಲಸ ಖರ್ಚು ಹೆಚ್ಚಿಸೋದು. ಇಮೇಲ್ ವಿಳಾಸ ಪುಕ್ಕಟೆ, ಒಬ್ಬನೇ ಕೂತು ಸಾವಿರ ಮಾಡಬಹುದು. ಸಿಮ್ ಹಾಗಲ್ಲ. ದುಡ್ಡು ಕೊಡಬೇಕು, ದಾಖಲೆ ಕೊಡಬೇಕು, ಭಾರತದಲ್ಲಾದರೆ ಒಬ್ಬರ ಹೆಸರಿಗೆ ಒಂಬತ್ತೇ ಸಿಮ್ ಅನ್ನುವ ಮಿತಿಯಿದೆ, ಕೆಲವು ರಾಜ್ಯಗಳಲ್ಲಿ ಆರೇ. ಓಟಿಪಿ ಕೇಳಿದರೆ ಪ್ರತಿ ಸುಳ್ಳು ಖಾತೆಗೂ ಒಂದಿಷ್ಟು ಬೆಲೆ ಬೀಳುತ್ತದೆ. ಬಾಡಿಗೆ ನಂಬರುಗಳ ಮಾರುಕಟ್ಟೆ ಆ ಬೆಲೆಯನ್ನು ಮತ್ತೆ ಕೆಳಗೆ ತರುತ್ತದೆ. ಹಗ್ಗಜಗ್ಗಾಟ ನಡೆಯೋದು ಅವರಿಬ್ಬರ ನಡುವೆ, ನಮ್ಮ ನಂಬರ್ ಸುಮ್ನೆ ಮಧ್ಯದಲ್ಲಿ ಸಿಕ್ಕಿಕೊಂಡಿದೆ.

ನಮಗೆ ತೊಂದರೆ ಬರೋದು ಮೊದಲ ಓಟಿಪಿಯಿಂದಲ್ಲ, ಎರಡನೆಯದರಿಂದ. ಬಾಡಿಗೆ ನಂಬರಿನಲ್ಲಿ ಖಾತೆ ತೆರೆದಿರಿ, ಆರು ತಿಂಗಳು ಬಳಸಿದಿರಿ, ಹೊಸ ಫೋನ್ ತಗೊಂಡಿರಿ. ‘ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ’ ಅಂತ ಬರುತ್ತದೆ. ಅಷ್ಟು ಹೊತ್ತಿಗೆ ಆ ನಂಬರ್ ಯಾರ ಕೈಯಲ್ಲಿದೆಯೋ! ಅವರು ‘ಪಾಸ್‌ವರ್ಡ್ ಮರೆತಿದೆ’ ಅಂತ ಒತ್ತಿದರೆ ಕೋಡ್ ಹೋಗೋದು ಅವರಿಗೆ. ಎಲ್ಲರಿಗೂ ಕಾಣುವ ಪುಕ್ಕಟೆ ತಾಣವಾದರಂತೂ ಆರು ತಿಂಗಳು ಕಾಯಬೇಕಾಗಿಯೂ ಇಲ್ಲ.

ಸ್ವಂತ ಸಿಮ್ಮಿನ ನಂಬರಿಗೂ ಈ ಕಾಟ ಇದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೆವಿನ್ ಲೀ ಮತ್ತು ಅರವಿಂದ್ ನಾರಾಯಣನ್ 2021ರಲ್ಲಿ ಒಂದು ಅಧ್ಯಯನ ಮಾಡಿದರು. ಎರಡು ಕಂಪನಿಗಳು ಹೊಸ ಗಿರಾಕಿಗಳಿಗೆ ಕೊಡಲು ಇಟ್ಟಿದ್ದ ನಂಬರುಗಳಲ್ಲಿ 259ನ್ನು ತೆಗೆದು ನೋಡಿದರೆ, 171ಕ್ಕೆ ಹಳೇ ಮಾಲೀಕರ ಖಾತೆಗಳು ಇನ್ನೂ ಅಂಟಿಕೊಂಡಿದ್ದವು. ನೂರಕ್ಕೆ ಅರವತ್ತಾರು! ನಮ್ಮಲ್ಲಿ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು. 2023ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಳೇ ನಂಬರಿನ ಹೊಣೆ ಹಳೇ ಗಿರಾಕಿಯದ್ದೇ, ಅದರ ಜೊತೆಗಿನ ವಾಟ್ಸ್‌ಆ್ಯಪ್ ದತ್ತಾಂಶವನ್ನು ಅವರೇ ಅಳಿಸಿಕೊಳ್ಳಬೇಕು ಅಂತ ಕೋರ್ಟು ಹೇಳಿತು.

ಇನ್ನು ನಂಬರ್ ನಿಮ್ಮದೇ ಆಗಿದ್ದರೂ ಆ ದಾಖಲೆಪುಸ್ತಕದ ಸಾಲನ್ನು ಬೇರೆಯವರು ತಿದ್ದಿಸಬಹುದು. ಅದೇ ಸಿಮ್ ಸ್ವ್ಯಾಪ್. 2019ರಲ್ಲಿ ಟ್ವಿಟರಿನ ಆಗಿನ ಮುಖ್ಯಸ್ಥ ಜಾಕ್ ಡಾರ್ಸಿಯ ಟ್ವಿಟರ್ ಖಾತೆಯೇ ಹೀಗೆ ಕಳ್ಳರ ಕೈ ಸೇರಿತ್ತು, ಅಂದಮೇಲೆ ನಮ್ಮ ನಿಮ್ಮ ಪಾಡು ಕೇಳಬೇಕಾ. ಯಂತ್ರಗಳು ಮಾತಾಡುವ ಆ ಹಳೇ ದಾರಿಯಲ್ಲೇ ಕದ್ದು ಕೇಳುವವರೂ ಇದ್ದಾರೆ. 2017ರಲ್ಲಿ ಜರ್ಮನಿಯಲ್ಲಿ ಹೀಗೆ ಕೋಡುಗಳನ್ನು ಬೇರೆಡೆಗೆ ತಿರುಗಿಸಿ ಬ್ಯಾಂಕ್ ಖಾತೆಗಳನ್ನು ಖಾಲಿ ಮಾಡಿದ್ದರು. ಭಾರತದಲ್ಲಿ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಬೇಕು ಅನ್ನುವ ಸೂಚನೆ ಬಂದದ್ದು ಇಂಥ ಕಳ್ಳತನಕ್ಕೆ ಹೆದರಿಯೇ.

ಈ ಓಟಿಪಿ ಗೋಳು ಚೆನ್ನಾಗಿ ಗೊತ್ತಿರೋದು ವಿದೇಶದಲ್ಲಿರುವ ನಮ್ಮವರಿಗೆ. ಮಗಳು ಟೆಕ್ಸಾಸ್‌ನಲ್ಲಿ, ಅವಳ ಭಾರತದ ಸಿಮ್ ಹಾಸನದಲ್ಲಿ ಅಮ್ಮನ ಹಳೇ ಕೀಪ್ಯಾಡ್ ಫೋನಿನಲ್ಲಿ. ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತದೆ: “ಅಮ್ಮಾ, ಈಗೊಂದು ಮೆಸೇಜ್ ಬಂತಲ್ಲ, ನಂಬರ್ ಓದು.” ಅಮ್ಮ ಕನ್ನಡಕ ಹುಡುಕೋದರೊಳಗೆ ಕೋಡಿನ ಅವಧಿ ಮುಗಿದಿರುತ್ತದೆ. ಆಗ ಭಾರತದ ವರ್ಚುವಲ್ ನಂಬರ್ ಕೊಂಡರೆ ಹೇಗೆ ಅನ್ನುವ ಯೋಚನೆ ಸಹಜ, ಆದರೆ ಬ್ಯಾಂಕಿಗೆ ಅದು ಬೇಡವೇ ಬೇಡ. ಸಿಮ್ಮನ್ನು ಜೊತೆಗೇ ಒಯ್ದು ರೋಮಿಂಗ್‌ನಲ್ಲಿ ಬದುಕಿಸಿಕೊಳ್ಳೋದು, ಇಲ್ಲವೇ ಬ್ಯಾಂಕ್ ಒಪ್ಪಿದರೆ ಅಲ್ಲಿನ ನಂಬರನ್ನೇ ಎನ್‌ಆರ್‌ಇ ಖಾತೆಗೆ (ವಿದೇಶದಲ್ಲಿರುವ ಭಾರತೀಯರ ಬ್ಯಾಂಕ್ ಖಾತೆಗೆ) ಜೋಡಿಸೋದು ವಾಸಿ. ಅಮೆರಿಕ, ಸಿಂಗಪುರ, ಯುಎಇ ಸೇರಿ ಹತ್ತು ದೇಶಗಳ ನಂಬರುಗಳಿಗೆ ಯುಪಿಐ ಕೊಡಬಹುದು ಅಂತ 2023ರ ಜನವರಿಯಲ್ಲೇ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಹೇಳಿದೆ.

ಯುಪಿಐ ಮಾಡಿದ ಒಂದು ಜಾಣತನ ನನಗೆ ತುಂಬಾ ಇಷ್ಟ. ಮೊದಲ ಸಲ ಆ್ಯಪ್ ಹಾಕಿದಾಗ ನಿಮ್ಮ ಫೋನಿನಿಂದ ಒಂದು ಎಸ್ಸೆಮ್ಮೆಸ್ ತಾನೇ ಹೊರಗೆ ಹೋಗುತ್ತದೆ, ಗಮನಿಸಿದ್ದೀರಾ? ಅಲ್ಲಿ ಪರೀಕ್ಷೆಯ ದಿಕ್ಕೇ ತಿರುಗಿದೆ. ಬಂದದ್ದನ್ನು ಓದಿ ಹೇಳಿದರೆ ಸಾಲದು, ಆ ಸಿಮ್ಮಿನಿಂದಲೇ ಕಳಿಸಬೇಕು. ಬರೀ ಬಂದ ಸಂದೇಶ ತೋರಿಸುವ ಬಾಡಿಗೆ ತಾಣಗಳು ಇಲ್ಲಿ ಕೈಚೆಲ್ಲುತ್ತವೆ.

ಕಾನೂನಿನ ಮಾತೂ ಒಂದಿಷ್ಟು. ಕೂಪನ್ ಆ್ಯಪ್‌ಗೆ ಬೇರೆ ನಂಬರ್ ಕೊಡೋದು ಬೇರೆ, ಇನ್ನೊಬ್ಬರ ಹೆಸರಲ್ಲಿ ಮೋಸದಿಂದ ಸಿಮ್ ಪಡೆಯೋದು ಬೇರೆ. ಎರಡನೆಯದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ನಿಮ್ಮ ಹೆಸರಲ್ಲಿ ಯಾರಾದರೂ ಸಿಮ್ ತಗೊಂಡಿದ್ದಾರಾ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ.

ಕೂಪನ್ನಿಗೆ, ಮಾಲಿನ ವೈಫೈಗೆ ಅಂತ ಬೇರೆ ನಂಬರ್ ಬೇಕೇ ಬೇಕು ಅಂದರೆ ನಿಮ್ಮದೇ ಹೆಸರಿನ ಎರಡನೇ ಸಿಮ್ ಸಾಕು, ಇ-ಸಿಮ್ ಆದರೆ ಇನ್ನೂ ಸಲೀಸು. ನಾಳೆಯೂ ಬೇಕು ಅನ್ನುವ ಖಾತೆಗಳನ್ನು ಮಾತ್ರ ನಂಬರಿನ ಹಂಗಿನಿಂದಲೇ ಬಿಡಿಸಿ. ಅದಕ್ಕೆ ಅಥೆಂಟಿಕೇಟರ್ ಆ್ಯಪ್ ಇದೆ, ಎಸ್ಸೆಮ್ಮೆಸ್ ಬದಲು ಲಾಗಿನ್ ಕೋಡನ್ನು ಅದೇ ತೋರಿಸುತ್ತದೆ. ಅದರಲ್ಲಿ ಮೊದಲ ದಿನ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ, ಅದರೊಳಗೊಂದು ಗುಟ್ಟಿನ ಸಂಖ್ಯೆ ಇರುತ್ತದೆ. ಆಮೇಲೆ ನಿಮ್ಮ ಫೋನೂ ಅವರ ಸರ್ವರೂ ಆ ಗುಟ್ಟನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡುತ್ತವೆ. ಕೋಡ್ ಹುಟ್ಟೋದು ನಿಮ್ಮ ಫೋನಿನಲ್ಲೇ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಸಿಮ್ ಬದಲಾದರೂ ಅದಕ್ಕೆ ಚಿಂತೆಯಿಲ್ಲ. ಫೋನ್ ಕಳೆದುಹೋದರೆ ಬೇಕಾಗುತ್ತದೆ ಅಂತ ಖಾತೆಯವರು ಕೊಡುವ ಬ್ಯಾಕಪ್ ಕೋಡುಗಳನ್ನು ಒಂದು ಕಾಗದದ ಮೇಲೆ ಬರೆದಿಡಿ. ಶುರು ಮಾಡೋದಾದರೆ ಇಮೇಲ್‌ನಿಂದಲೇ ಮಾಡಿ, ಯಾಕಂದರೆ ಉಳಿದ ಬಹುಪಾಲು ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರೋದು ಅಲ್ಲಿಗೇ.