ಬ್ರಿಸ್ಟಲ್‌ಗೆ ಮೇಯರ್ ಇದ್ದಾರಾ, ಇಲ್ವಾ?

ಓದುಗರ ಪ್ರಶ್ನೆ: "ಮಗಳು ಎಂಎಸ್ಸಿ ಓದಲು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿದ್ದಾಳೆ. ಆ ಊರಿನ ಜನ ಮತ ಹಾಕಿ ಮೇಯರ್ ಹುದ್ದೆಯನ್ನೇ ತೆಗೆದುಹಾಕಿದರು ಅಂತ ಎಲ್ಲೋ ಓದಿದೆ. ಆದರೆ ಮೊನ್ನೆ ಅವಳು ಕಳಿಸಿದ ಫೋಟೋದಲ್ಲಿ ಕೆಂಪು ನಿಲುವಂಗಿ, ಚಿನ್ನದ ಸರ ಹಾಕಿಕೊಂಡ ಮೇಯರ್ ನಿಂತಿದ್ದಾರೆ. ಬಸ್ಸಿನ ಸುದ್ದಿ ಬಂದರೆ ಇನ್ಯಾರೋ ಮೇಯರ್ ಮಾತಾಡುತ್ತಾರೆ. ಹಾಗಾದರೆ ಊರು ನಡೆಸೋರು ಯಾರು?"

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಬ್ರಿಸ್ಟಲ್‌ನಲ್ಲಿ ಈಗ ಇಬ್ಬರು ಮೇಯರ್ ಇದ್ದಾರೆ, ಸಿಟಿ ಕೌನ್ಸಿಲನ್ನು ಇಬ್ಬರೂ ನಡೆಸುವುದಿಲ್ಲ. ಅದನ್ನು ನಡೆಸುವವರು 70 ಜನ ಕೌನ್ಸಿಲರ್‌ಗಳು, ಅದೂ ಎಂಟು ಕಮಿಟಿಗಳಲ್ಲಿ ಕೂತು. 2017ರಿಂದ 2024ರವರೆಗೆ ಇನ್ನೂ ಮಜಾ ಇತ್ತು. ಆಗ ಒಂದೇ ಊರಲ್ಲಿ ಮೂವರು ಮೇಯರ್‌ಗಳಿದ್ದರು. ಅದರಲ್ಲಿ ಒಬ್ಬರನ್ನು ಜನ ತೆಗೆದರು. ನೀವು ಓದಿದ್ದು ಅದನ್ನೇ.

ಫೋಟೋದಲ್ಲಿರುವವರು ಲಾರ್ಡ್ ಮೇಯರ್. ಪ್ರತಿ ಮೇ ತಿಂಗಳಲ್ಲಿ ಕೌನ್ಸಿಲರ್‌ಗಳೇ ತಮ್ಮಲ್ಲಿ ಒಬ್ಬರನ್ನು ಆರಿಸುತ್ತಾರೆ. ಅವಧಿ ಒಂದೇ ವರ್ಷ. ಪೂರ್ಣ ಕೌನ್ಸಿಲ್ ಸಭೆಗೆ ಅವರೇ ಅಧ್ಯಕ್ಷರು, ಮತಗಳು ಸಮ ಬಿದ್ದರೆ ನಿರ್ಣಾಯಕ ಮತವೂ ಅವರದ್ದೇ. ಉಳಿದಂತೆ ಶಾಲೆ, ಚರ್ಚು, ಸ್ಮಾರಕ, ಉದ್ಘಾಟನೆ. ಕ್ಲಿಫ್ಟನ್‌ನಲ್ಲಿ ಮ್ಯಾನ್ಷನ್ ಹೌಸ್ ಅಂತ ಅವರಿಗೆ ಅಧಿಕೃತ ಮನೆ ಇದೆ. ಕಾಲೇಜ್ ಗ್ರೀನ್‌ನಲ್ಲಿ ಲಾರ್ಡ್ ಮೇಯರ್ಸ್ ಚಾಪೆಲ್ ಅಂತ ಒಂದು ಚರ್ಚೂ ಇದೆ, ಅದನ್ನು 1541ರಲ್ಲಿ ಊರಿನವರು ರಾಜ ಎಂಟನೇ ಹೆನ್ರಿಯಿಂದ ಕೊಂಡುಕೊಂಡರು, ಇವತ್ತಿಗೂ ಅದು ಕೌನ್ಸಿಲ್ ಆಸ್ತಿ. ಆದರೆ ಒಂದು ರಸ್ತೆಯ ಹೊಂಡ ಮುಚ್ಚಿಸಲು ಆದೇಶ ಕೊಡುವ ಅಧಿಕಾರ ಲಾರ್ಡ್ ಮೇಯರ್‌ಗೆ ಇಲ್ಲ.

ಇಂಥ ಮೇಯರ್‌ಗಳು ಇಂಗ್ಲೆಂಡಿನಲ್ಲಿ ಊರೂರಿಗೂ ಇದ್ದಾರೆ. ನಮ್ಮ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ 2010ರಲ್ಲಿ ಮೇಯರ್ ಆದರಲ್ಲ, ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಲ್ಲಿಸಲು ಓಡಾಡಿದವರು, ಅವರದ್ದೂ ಇದೇ ಬಗೆಯ ಒಂದು ವರ್ಷದ ಗೌರವದ ಹುದ್ದೆ. ಅದೂ ಲಂಡನ್‌ನ ಒಂದು ಭಾಗವಾದ ಲ್ಯಾಂಬೆತ್‌ಗೆ. ಇಡೀ ಲಂಡನ್‌ಗೆ ಜನರೇ ಆರಿಸುವ ಮೇಯರ್ ಬೇರೆ. ಹೆಸರು ಒಂದೇ ಆದ್ದರಿಂದ ಎರಡನ್ನೂ ಕಲಸಿಬಿಡುತ್ತೇವೆ.

ಸರಿ, ಅಧಿಕಾರವಿಲ್ಲದ ಈ ಹುದ್ದೆ ಬಂದದ್ದು ಹೇಗೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಬ್ರಿಸ್ಟಲ್‌ನ ಮೇಯರ್‌ಗಳ ಪಟ್ಟಿ 1216ರಿಂದ ಶುರುವಾಗುತ್ತದೆ. ಆಗ ಅದು ಅಲಂಕಾರದ ಕೆಲಸವಾಗಿರಲಿಲ್ಲ, ವ್ಯಾಪಾರಿಗಳ ಊರಿಗೆ ನಿಜವಾದ ಯಜಮಾನಿಕೆ. ಊರಿನ ಮಧ್ಯೆ ಏವನ್ ನದಿ ಹರಿಯುತ್ತಿತ್ತು, ಉತ್ತರದ ದಡ ಗ್ಲಾಸ್ಟರ್‌ಶೈರ್‌ಗೆ, ದಕ್ಷಿಣದ ದಡ ಸಾಮರ್ಸೆಟ್‌ಗೆ ಸೇರಿತ್ತು. ಹೀಗಾಗಿ ಕೋರ್ಟ್ ಕೆಲಸ ಬಿದ್ದರೆ ಒಬ್ಬರು ಗ್ಲಾಸ್ಟರ್‌ಗೆ ಹೋಗಬೇಕು, ಸೇತುವೆಯ ಆಚೆ ಮನೆ ಇದ್ದವರು ಇಲ್ಚೆಸ್ಟರ್‌ಗೆ ಹೋಗಬೇಕು, ಎರಡೂ ಕಡೆಗೆ ಹತ್ತಿರ ಹತ್ತಿರ 30 ಮೈಲಿ, ಕೆಸರು ರಸ್ತೆ. ವ್ಯಾಪಾರಿಗಳಿಗೆ ಸಾಕಾಗಿ ಹೋಯಿತು. ರಾಜ ಮೂರನೇ ಎಡ್ವರ್ಡ್‌ಗೆ 600 ಮಾರ್ಕ್, ಅಂದರೆ 400 ಪೌಂಡ್, ಕೊಟ್ಟು 1373ರ ಆಗಸ್ಟ್‌ನಲ್ಲಿ ಒಂದು ಸನ್ನದು ಪಡೆದರು. ಅಲ್ಲಿಂದ ಬ್ರಿಸ್ಟಲ್ ತಾನೇ ಒಂದು ಕೌಂಟಿ, ಅಂದರೆ ಊರೇ ಒಂದು ಜಿಲ್ಲೆ. ಲಂಡನ್ ಬಿಟ್ಟರೆ ಈ ಭಾಗ್ಯ ಸಿಕ್ಕ ಮೊದಲ ಊರು ಇದು. ಸ್ವಂತ ಶೆರಿಫ್ ಬಂದ, 40 ಜನರ ಕೌನ್ಸಿಲ್ ಬಂತು. 1542ರಲ್ಲಿ ಬಿಷಪ್ ಪೀಠ, ಜೊತೆಗೆ 'ಸಿಟಿ' ಅನ್ನುವ ಪಟ್ಟವೂ ಸಿಕ್ಕಿತು.

ಆದರೆ ಆ ಕೌನ್ಸಿಲನ್ನು ಜನ ಆರಿಸುತ್ತಿರಲಿಲ್ಲ. ಒಬ್ಬ ಸತ್ತರೆ ಉಳಿದವರೇ ಸೇರಿ ಇನ್ನೊಬ್ಬನನ್ನು ಕೂರಿಸುತ್ತಿದ್ದರು. ಕೂರುತ್ತಿದ್ದವರೂ ದೊಡ್ಡ ವ್ಯಾಪಾರಿಗಳೇ. ಆ ಸಂಪತ್ತಿನ ಮೂಲ ಏನು ಅನ್ನುವುದು ಮುಚ್ಚಿಟ್ಟ ವಿಷಯವೇನಲ್ಲ. ಬ್ರಿಸ್ಟಲ್‌ನ ಹಡಗುಗಳು ಸುಮಾರು ಐದು ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಸಾಗಿಸಿದವು. 2020ರ ಜೂನ್ 7ರಂದು ಗುಲಾಮರ ವ್ಯಾಪಾರದಲ್ಲಿದ್ದ ಎಡ್ವರ್ಡ್ ಕೋಲ್ಸ್ಟನ್ ಪ್ರತಿಮೆಯನ್ನು ಜನ ಕೆಡವಿ ಬಂದರಿನ ನೀರಿಗೆ ತಳ್ಳಿದ್ದು ನಿಮಗೆ ನೆನಪಿರಬಹುದು. ಆ ಸಿಟ್ಟಿನ ಬೇರು ಇಲ್ಲಿದೆ.

ಮುಚ್ಚಿದ ಬಾಗಿಲಿನ ಈ ಆಡಳಿತಕ್ಕೆ ಬೆಂಕಿ ಬಿದ್ದದ್ದು 1831ರಲ್ಲಿ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬೆಂಕಿ. ಮತದ ಹಕ್ಕನ್ನು ಹೆಚ್ಚಿಸುವ ರಿಫಾರ್ಮ್ ಬಿಲ್ ಅನ್ನು ಲಂಡನ್‌ನ ಲಾರ್ಡ್ಸ್ ಸಭೆ ತಿರಸ್ಕರಿಸಿತ್ತು. ಒಂದು ಲಕ್ಷ ಜನರಿದ್ದ ಬ್ರಿಸ್ಟಲ್‌ನಲ್ಲಿ ಮತದ ಹಕ್ಕು ಇದ್ದದ್ದು ಸುಮಾರು 6 ಸಾವಿರ ಮಂದಿಗೆ. ಹೀಗಿರುವಾಗ ಆ ಬಿಲ್ಲಿನ ಕಟ್ಟಾ ವಿರೋಧಿ ಚಾರ್ಲ್ಸ್ ವೆದರಲ್ ನ್ಯಾಯಾಧೀಶನಾಗಿ ಮೆರವಣಿಗೆಯಲ್ಲಿ ಊರಿಗೆ ಬಂದ. ಅಕ್ಟೋಬರ್ 29ರಿಂದ ಮೂರು ದಿನ ಊರು ಹೊತ್ತಿ ಉರಿಯಿತು. ಕ್ವೀನ್ ಸ್ಕ್ವೇರ್‌ನಲ್ಲಿದ್ದ ಮೇಯರ್‌ನ ಮ್ಯಾನ್ಷನ್ ಹೌಸ್, ಕಸ್ಟಮ್ಸ್ ಕಚೇರಿ, ಬಿಷಪ್‌ನ ಅರಮನೆ ಎಲ್ಲ ಬೂದಿ. ವೆದರಲ್ ಹೇಗೋ ತಪ್ಪಿಸಿಕೊಂಡ. ಮರುವರ್ಷ ನಾಲ್ಕು ಜನರನ್ನು ಗಲ್ಲಿಗೇರಿಸಿದರು. ಗಲಭೆ ತಡೆಯಲಿಲ್ಲ ಅಂತ ಮೇಯರ್ ಚಾರ್ಲ್ಸ್ ಪಿನ್ನಿ ಮೇಲೂ ಕೇಸು ನಡೆದು, ಅವನು ನಿರ್ದೋಷಿ ಅಂತ ತೀರ್ಪು ಬಂತು.

ನಡುವೆ ಒಂದು ಮಾತು. ಇದೇ 1831ರಲ್ಲಿ ರಾಜಾ ರಾಮಮೋಹನ ರಾಯರೂ ಇಂಗ್ಲೆಂಡಿಗೆ ಬಂದಿದ್ದರು, ರಿಫಾರ್ಮ್ ಬಿಲ್ ಏನಾಗುತ್ತದೋ ಅಂತ ಕಾತರದಿಂದ ನೋಡುತ್ತಿದ್ದರು. ಅವರು ತೀರಿಕೊಂಡದ್ದು ಬ್ರಿಸ್ಟಲ್‌ನಲ್ಲೇ, 1833ರ ಸೆಪ್ಟೆಂಬರ್ 27ರಂದು. ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ, ಅದರ ಮೇಲಿನ ಛತ್ರಿ ಕಟ್ಟಿಸಿದ್ದು ದ್ವಾರಕಾನಾಥ ಟ್ಯಾಗೋರ್. ಕಾಲೇಜ್ ಗ್ರೀನ್‌ನಲ್ಲಿ, ಇವತ್ತಿನ ಸಿಟಿ ಹಾಲ್ ಹತ್ತಿರವೇ, ಅವರ ಪ್ರತಿಮೆಯೂ ಇದೆ. ಮಗಳಿಗೆ ಹೇಳಿ, ಒಂದು ಸಲ ನೋಡಿ ಬರಲಿ.

1835ರಲ್ಲಿ ಸಂಸತ್ತು ಕಾನೂನು ಮಾಡಿ ಬ್ರಿಸ್ಟಲ್ ಸೇರಿ 178 ಊರುಗಳ ಹಳೇ ಕೂಟಗಳನ್ನು ಕಿತ್ತುಹಾಕಿತು. ತೆರಿಗೆ ಕಟ್ಟುವ ಮನೆಯವರು ಮತ ಹಾಕಿ ಕೌನ್ಸಿಲರ್‌ಗಳನ್ನು ಆರಿಸುವ ಪದ್ಧತಿ ಬಂತು. ಅಲ್ಲಿಂದ ಮುಂದೆ ಕೆಲಸ ನಡೆದದ್ದು ಕಮಿಟಿಗಳಲ್ಲಿ. ಮೇಯರ್ ಹುದ್ದೆಗೆ ಮಾತ್ರ ಮರ್ಯಾದೆ ಏರುತ್ತಾ ಹೋಯಿತು, ಅಧಿಕಾರ ಇಳಿಯುತ್ತಾ ಹೋಯಿತು. 1899ರಲ್ಲಿ ವಿಕ್ಟೋರಿಯಾ ರಾಣಿ ಆ ಹುದ್ದೆಗೆ 'ಲಾರ್ಡ್' ಅನ್ನುವ ಬಿರುದು ಸೇರಿಸಿದಳು. ನಿಮ್ಮ ಮಗಳ ಫೋಟೋದಲ್ಲಿರುವ ಸರದ ಕಥೆ ಇಷ್ಟು.

ಇನ್ನು ಜನ ತೆಗೆದುಹಾಕಿದ ಮೇಯರ್ ವಿಷಯ. 2000ದ ಕಾನೂನಿನ ಪ್ರಕಾರ ಹೆಚ್ಚಿನ ಕೌನ್ಸಿಲ್‌ಗಳು ಕಮಿಟಿ ಬಿಟ್ಟು, ಒಬ್ಬ ನಾಯಕ ಮತ್ತು ಒಂದು ಕ್ಯಾಬಿನೆಟ್ ಅನ್ನುವ ಪದ್ಧತಿಗೆ ಬಂದವು. ಬ್ರಿಸ್ಟಲ್‌ನಲ್ಲಿ ಯಾವ ಪಕ್ಷಕ್ಕೂ ಗಟ್ಟಿ ಬಹುಮತ ಬರುತ್ತಿರಲಿಲ್ಲ, ನಾಯಕರು ಪದೇ ಪದೇ ಬದಲಾಗುತ್ತಿದ್ದರು. ಇವತ್ತು ಒಬ್ಬರು ಶುರು ಮಾಡಿದ್ದನ್ನು ನಾಳೆ ಬಂದವರು ನಿಲ್ಲಿಸೋದು. ಆಗ ಡೇವಿಡ್ ಕ್ಯಾಮರಾನ್ ಸರ್ಕಾರ, ದೊಡ್ಡ ಊರುಗಳಿಗೆ ಜನರೇ ನೇರವಾಗಿ ಆರಿಸುವ ಮೇಯರ್ ಇರಲಿ ಅಂತ 2012ರ ಮೇನಲ್ಲಿ ಹತ್ತು ನಗರಗಳಲ್ಲಿ ಜನಮತ ಕೇಳಿತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸೇರಿ ಒಂಬತ್ತು ಊರು ಬೇಡ ಅಂದವು. ಬೇಕು ಅಂದದ್ದು ಬ್ರಿಸ್ಟಲ್ ಒಂದೇ, ಅದೂ 53ಕ್ಕೆ 47ರ ಅಂತರದಲ್ಲಿ. ಮತ ಹಾಕಲು ಬಂದವರು ಶೇ 24 ಮಾತ್ರ.

ಆ ನವೆಂಬರ್‌ನಲ್ಲಿ ಗೆದ್ದದ್ದು ಪಕ್ಷೇತರ ಅಭ್ಯರ್ಥಿ ಜಾರ್ಜ್ ಫರ್ಗುಸನ್. ವೃತ್ತಿಯಲ್ಲಿ ಆರ್ಕಿಟೆಕ್ಟ್, ಯಾವಾಗ ನೋಡಿದರೂ ಕೆಂಪು ಪ್ಯಾಂಟು. ತನ್ನ ಸಂಬಳವನ್ನು ಆಗ ತಾನೇ ಶುರುವಾಗಿದ್ದ ಊರಿನದೇ ಕರೆನ್ಸಿ 'ಬ್ರಿಸ್ಟಲ್ ಪೌಂಡ್'ನಲ್ಲಿ ತೆಗೆದುಕೊಂಡರು. ಕೌನ್ಸಿಲ್ ಹೌಸ್ ಅನ್ನುವ ಹೆಸರನ್ನು ಸಿಟಿ ಹಾಲ್ ಅಂತ ಬದಲಿಸಿದ್ದೂ ಇವರೇ. 2016ರಲ್ಲಿ ಲೇಬರ್ ಪಕ್ಷದ ಮಾರ್ವಿನ್ ರೀಸ್ ಎದುರು ಫರ್ಗುಸನ್ ಸೋತರು, 2021ರಲ್ಲಿ ರೀಸ್ ಮತ್ತೆ ಗೆದ್ದರು.

ಈ ಪದ್ಧತಿಯ ಒಳಿತು ಕೆಡುಕು ಎರಡೂ ಒಂದೇ ಪ್ರಸಂಗದಲ್ಲಿ ಕಾಣುತ್ತದೆ. ಟೆಂಪಲ್ ಮೀಡ್ಸ್ ರೈಲು ನಿಲ್ದಾಣದ ಪಕ್ಕ ಒಂದು ದೊಡ್ಡ ಅರೀನಾ, ಅಂದರೆ ಕಾರ್ಯಕ್ರಮಗಳಿಗೆ ಒಳಾಂಗಣ ಕ್ರೀಡಾಂಗಣ, ಕಟ್ಟುವುದು ಫರ್ಗುಸನ್ ಕನಸು. ರೀಸ್‌ಗೆ ಖರ್ಚು ಜಾಸ್ತಿ ಅನ್ನಿಸಿತು. 2018ರ ಸೆಪ್ಟೆಂಬರ್‌ನಲ್ಲಿ ವಿಶೇಷ ಸಭೆ ಸೇರಿ ಹೆಚ್ಚಿನ ಕೌನ್ಸಿಲರ್‌ಗಳು ನಿಲ್ದಾಣದ ಪಕ್ಕವೇ ಕಟ್ಟಿ ಅಂತ ಮತ ಹಾಕಿದರು. ಮರುದಿನ ಮೇಯರ್ ಆ ಯೋಜನೆಯನ್ನೇ ಕೈಬಿಟ್ಟರು! ಕಾನೂನಿನಲ್ಲಿ ತಪ್ಪೇನಿಲ್ಲ, ಸಭೆಯ ಮತಕ್ಕೆ ಅವರು ಬದ್ಧರಾಗಿರಲಿಲ್ಲ. ಬಜೆಟ್‌ನಂಥ ಕೆಲವನ್ನು ಮಾತ್ರ ಪೂರ್ಣ ಕೌನ್ಸಿಲ್ ಒಪ್ಪಬೇಕಿತ್ತು, ಬಜೆಟ್ ತಿದ್ದಬೇಕಾದರೂ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. ತನ್ನ ಬೀದಿಯ ಜನ ಆರಿಸಿ ಕಳಿಸಿದ ಕೌನ್ಸಿಲರ್ ಸಭೆಯಲ್ಲಿ ಕೂತು ಮಾಡುವುದೇನು, ಪ್ರೇಕ್ಷಕನಾ, ಅನ್ನುವ ಪ್ರಶ್ನೆ ಎದ್ದದ್ದು ಸಹಜ ಅಲ್ವಾ?

ಹತ್ತು ವರ್ಷದ ನಂತರ, 2022ರ ಮೇ 5ರಂದು, ಮತ್ತೆ ಜನಮತ. ಈ ಸಲ ಶೇ 59ರಷ್ಟು ಜನ ಮೇಯರ್ ಬೇಡ, ಕಮಿಟಿಗಳು ಬರಲಿ ಅಂದರು. ಬಂದದ್ದು ಶೇ 29ರಷ್ಟು ಮತದಾರರು. ನನಗೆ ಅನ್ನಿಸುವುದು, 2012ರಲ್ಲಿ ಜನ ಪಕ್ಷಗಳ ಕಿತ್ತಾಟಕ್ಕೆ ಬೇಸತ್ತು ಒಬ್ಬರ ಕೈಗೆ ಕೊಟ್ಟರು, 2022ರಲ್ಲಿ ಒಬ್ಬರ ಕೈಯಲ್ಲಿರುವುದಕ್ಕೆ ಬೇಸತ್ತು ವಾಪಸ್ ಕಿತ್ತುಕೊಂಡರು. ಎರಡು ಸಲವೂ ಸುಮಾರು ಮುಕ್ಕಾಲು ಪಾಲು ಊರು ಮನೆಯಲ್ಲೇ ಇತ್ತು. ಶೆಫೀಲ್ಡ್‌ನವರೂ 2021ರಲ್ಲಿ ಜನಮತದಿಂದಲೇ ಕಮಿಟಿ ಪದ್ಧತಿ ತಂದುಕೊಂಡರು. ಅಲ್ಲಿ ತೆಗೆದದ್ದು ನಾಯಕ-ಕ್ಯಾಬಿನೆಟ್ ಪದ್ಧತಿಯನ್ನು.

ಹೊಸ ವ್ಯವಸ್ಥೆ 2024ರ ಮೇನಿಂದ ನಡೆಯುತ್ತಿದೆ. ಆ ಚುನಾವಣೆಯಲ್ಲಿ ಗ್ರೀನ್ ಪಕ್ಷಕ್ಕೆ 34, ಲೇಬರ್‌ಗೆ 21, ಲಿಬರಲ್ ಡೆಮಾಕ್ರಾಟರಿಗೆ 8, ಕನ್ಸರ್ವೇಟಿವ್‌ಗಳಿಗೆ 7 ಸ್ಥಾನ ಬಂದವು. ಬಹುಮತಕ್ಕೆ ಗ್ರೀನ್‌ಗಳಿಗೆ ಎರಡು ಕಡಿಮೆ. ಮನೆ, ಸಾರಿಗೆ, ಮಕ್ಕಳು, ಪರಿಸರ ಹೀಗೆ ಒಂದೊಂದಕ್ಕೆ ಒಂದೊಂದು ಕಮಿಟಿ. ಪಕ್ಷಗಳ ಬಲಕ್ಕೆ ತಕ್ಕಂತೆ ಸದಸ್ಯರಿರುತ್ತಾರೆ, ಅಲ್ಲಿ ಮತ ಹಾಕಿ ತೀರ್ಮಾನ ಮಾಡುತ್ತಾರೆ. ಗ್ರೀನ್ ಪಕ್ಷದ ಟೋನಿ ಡೈಯರ್ ಕೌನ್ಸಿಲ್ ನಾಯಕರಾದರು. ಆದರೆ ರೀಸ್ ಹಾಗೆ ಒಬ್ಬರೇ ಸಹಿ ಹಾಕಿ ಅರೀನಾ ನಿಲ್ಲಿಸಲು ಇವರಿಗೆ ಆಗುವುದಿಲ್ಲ. ಕೆಲಸ ನಿಧಾನ ಅನ್ನುವ ಗೊಣಗಾಟ ಇದ್ದೇ ಇದೆ. ಅದು ಮೊದಲೇ ಗೊತ್ತಿದ್ದ ಬೆಲೆ. 2025ರ ಜುಲೈನಲ್ಲಿ ಸಂಸತ್ತಿಗೆ ಬಂದ ಒಂದು ಮಸೂದೆಯಂತೂ ಕಮಿಟಿ ಪದ್ಧತಿಯ ಕೌನ್ಸಿಲ್‌ಗಳು ಮತ್ತೆ ನಾಯಕ-ಕ್ಯಾಬಿನೆಟ್‌ಗೆ ಮರಳಬೇಕು ಅಂತ ಹೇಳಿತು.

ಉಳಿದದ್ದು ಬಸ್ಸಿನ ಮೇಯರ್. 2017ರಲ್ಲಿ ಬ್ರಿಸ್ಟಲ್, ಬಾತ್ ಮತ್ತು ಈಶಾನ್ಯ ಸಾಮರ್ಸೆಟ್, ದಕ್ಷಿಣ ಗ್ಲಾಸ್ಟರ್‌ಶೈರ್ ಈ ಮೂರೂ ಕೌನ್ಸಿಲ್‌ಗಳ ಮೇಲೆ ವೆಸ್ಟ್ ಆಫ್ ಇಂಗ್ಲೆಂಡ್ ಕಂಬೈನ್ಡ್ ಅಥಾರಿಟಿ ಅಂತ ಒಂದು ಸಂಸ್ಥೆ ಮಾಡಿದರು. ಸಾರಿಗೆ, ವೃತ್ತಿ ತರಬೇತಿ, ದೊಡ್ಡ ಹೂಡಿಕೆ ಇದರ ಪಾಲಿಗೆ. ಇದರ ಮುಖ್ಯಸ್ಥರನ್ನು ಮೂರೂ ಕಡೆಯ ಜನ ಸೇರಿ ಆರಿಸುತ್ತಾರೆ, ಮೆಟ್ರೋ ಮೇಯರ್ ಅಂತ ಕರೆಯುತ್ತಾರೆ. 2025ರ ಮೇನಲ್ಲಿ ಲೇಬರ್ ಪಕ್ಷದ ಹೆಲೆನ್ ಗಾಡ್ವಿನ್ ಗೆದ್ದರು.

ಹಾಗಾಗಿ ಮಗಳ ಮನೆ ಮುಂದೆ ಕಸ ಎತ್ತದಿದ್ದರೆ, ಬೀದಿದೀಪ ಕೆಟ್ಟರೆ ಕೌನ್ಸಿಲ್‌ಗೆ ಹೇಳಬೇಕು, ಇಲ್ಲವೇ ತನ್ನ ವಾರ್ಡಿನ ಕೌನ್ಸಿಲರ್‌ಗೆ ಇಮೇಲ್ ಹಾಕಬೇಕು. ಬಸ್ ಮಾರ್ಗದ ದೂರು ಮೆಟ್ರೋ ಮೇಯರ್ ಕಡೆಗೆ. ಪೊಲೀಸ್ ಕೌನ್ಸಿಲ್ ಕೈಯಲ್ಲಿಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ, ಆದರೆ ವಿನಾಯಿತಿಗೆ ಅರ್ಜಿ ಹಾಕಬೇಕಾಗಬಹುದು, ಬಿಲ್ ಬಂತು ಅಂತ ಗಾಬರಿಯಾಗಿ ಕಟ್ಟಿಬಿಡುವುದು ಬೇಡ.

ಇನ್ನೊಂದು ವಿಷಯ ಅವಳಿಗೆ ಗೊತ್ತಿರಲಿಕ್ಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಅಲ್ಲಿ ವಾಸವಿರುವ ಭಾರತೀಯರೂ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, 18 ತುಂಬಿದ್ದರೆ ಮತ ಹಾಕಬಹುದು. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಬ್ರಿಸ್ಟಲ್ ಕೌನ್ಸಿಲ್‌ಗೆ ಮುಂದಿನ ಚುನಾವಣೆ 2028ರ ಮೇನಲ್ಲಿ. ಅಷ್ಟೊತ್ತಿಗೆ ಓದು ಮುಗಿಸಿ ಅಲ್ಲೇ ಕೆಲಸದಲ್ಲಿದ್ದರೆ, ಆಗ ಟ್ಯಾಕ್ಸೂ ಕಟ್ಟಬೇಕು, ಮತವೂ ಹಾಕಬಹುದು.