ಪುಟ್ಟ ಮಕ್ಕಳಿಗೆ ಪ್ರೀತಿ ತಿಳಿಯುವ ಬಗೆ: ಬಾಂಧವ್ಯದ ಪಾಠಕ್ಕೊಂದು ಟಿಪ್ಪಣಿ

ಶಿಶು ವಿಕಸನದ ಪರೀಕ್ಷೆಗೆ ಓದುತ್ತಿರುವವರಿಗೆ, ಅಂಗನವಾಡಿ ತರಬೇತಿಯಲ್ಲಿರುವವರಿಗೆ ಬರೆದದ್ದು. ಬಾಂಧವ್ಯವನ್ನು, ಎಂದರೆ ಮಗು ತನ್ನವರ ಜೊತೆ ಬೆಸೆಯುವ ನಂಟನ್ನು, ಅಧ್ಯಯನ ಮಾಡಿದ ಬೌಲ್ಬಿ, ಏನ್ಸ್‌ವರ್ತ್, ಹಾರ್ಲೊ ಹೆಸರುಗಳು ಎಲ್ಲ ಗೈಡುಗಳಲ್ಲೂ ಇವೆ, ಬಾಯಿಪಾಠ ಮಾಡಿದರೆ ಆಯಿತು. ಕಷ್ಟ ಇರುವುದು ಬೇರೆ ಕಡೆ. ಪ್ರೀತಿ ಎಂದರೇನು ಎಂದು ಒಂದೂವರೆ ವರ್ಷದ ಮಗುವನ್ನು ಕೇಳಲಾಗುವುದಿಲ್ಲ. ಯಾರ ಕಡೆ ತಿರುಗಿತು, ಯಾರ ಹೆಗಲಿಗೆ ಒರಗಿತು, ಎಷ್ಟು ಹೊತ್ತಿಗೆ ಸಮಾಧಾನವಾಯಿತು ಎಂಬುದರಿಂದಲೇ ಊಹಿಸಬೇಕು. ಹಾಗೆ ಊಹಿಸುವಾಗ ಕಣ್ಣು ಎಲ್ಲಿರಬೇಕು ಎಂಬುದು ಗೊತ್ತಾದರೆ ಪಾಠ ಅರ್ಧ ಮುಗಿದಂತೆ.

ಮೊದಲ ವರ್ಷ, ಚುಟುಕಾಗಿ

ಬಾಂಧವ್ಯ ಬೆಳೆಯುವ ಹಂತಗಳು ಬೌಲ್ಬಿಯ ಪ್ರಕಾರ ನಾಲ್ಕು. ಹುಟ್ಟಿನಿಂದ ಸುಮಾರು 6 ವಾರ: ಯಾರು ಎತ್ತಿಕೊಂಡರೂ ಸರಿ. ಅಲ್ಲಿಂದ 6–8 ತಿಂಗಳ ವಯಸ್ಸಿನವರೆಗೆ: ಪರಿಚಿತ ಮುಖಕ್ಕೆ ನಗು ಹೆಚ್ಚು, ಹಾಗಂತ ಬೇರೆಯವರು ಬೇಡ ಅನ್ನುವುದಿಲ್ಲ. 6–8 ತಿಂಗಳಿಂದ 18–24 ತಿಂಗಳು: ನಂಟು ಗಟ್ಟಿಯಾಗುತ್ತದೆ, ಹೊಸಬರನ್ನು ಕಂಡರೆ ಅಂಜಿಕೆ, ಬಿಟ್ಟು ಹೋದರೆ ಅಳು. ಆಮೇಲಿನದು ಹೊಂದಾಣಿಕೆಯ ಹಂತ. ‘ಅಮ್ಮ ಅಂಗಡಿಗೆ ಹೋಗಿದ್ದಾಳೆ, ಬರ್ತಾಳೆ’ ಎಂದರೆ ಕಾಯಬಲ್ಲದು.

ಮೂರನೇ ಹಂತವನ್ನು, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಪಿಯಾಜೆಯ ಜೊತೆ ಸೇರಿಸಿ ಓದಿ. ಕಣ್ಮರೆಯಾದ ವಸ್ತು ಇನ್ನೂ ಇದೆ ಎಂಬ ತಿಳಿವು ಆತನ ಪ್ರಕಾರ ಬರುವುದು ಸುಮಾರು 8 ತಿಂಗಳಿಗೆ. ಅಮ್ಮ ಎಲ್ಲೋ ಇದ್ದಾಳೆ ಎಂದು ಗೊತ್ತಿದ್ದರೆ ತಾನೆ ಅವಳಿಗಾಗಿ ಹುಡುಕುವುದು? ಈ ತಿಳಿವೂ ಬಿಟ್ಟು ಹೋದಾಗಿನ ಅಳುವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ ಎನ್ನುತ್ತಾರೆ.

ಹೊಟ್ಟೆಗೆ ಹಾಕಿದವರ ಮೇಲೆ ಮಗುವಿಗೆ ಪ್ರೀತಿ ಎಂಬ ಹಳೆಯ ವಾದವನ್ನು ಅಲುಗಾಡಿಸಿದ್ದು ಹಾರ್ಲೊ. 1958ರಲ್ಲಿ ಪ್ರಕಟವಾದ ಆತನ ಪ್ರಯೋಗದಲ್ಲಿ ಕೋತಿಮರಿಗಳಿಗೆ ತಾಯಿಯ ಬದಲು ಎರಡು ಗೊಂಬೆ ಇಟ್ಟಿದ್ದರು; ಹಾಲು ತಂತಿಯ ಗೊಂಬೆಯಲ್ಲಿದ್ದರೂ ಅವು ದಿನದ ಬಹುಪಾಲು ಅಪ್ಪಿಕೊಂಡು ಕೂತದ್ದು ಬಟ್ಟೆ ಸುತ್ತಿದ ಗೊಂಬೆಯನ್ನು. ಮನುಷ್ಯರ ಮಕ್ಕಳ ಬಗ್ಗೆ ನೆನಪಿಡಬೇಕಾದ್ದು ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಪ್ರಕಟಿಸಿದ, ಸ್ಕಾಟ್ಲೆಂಡಿನ ಗ್ಲಾಸ್ಗೊದ 60 ಶಿಶುಗಳ ಅಧ್ಯಯನ. ಬಹಳ ಮಕ್ಕಳಿಗೆ ನಂಟು ಒಬ್ಬರಿಗಿಂತ ಹೆಚ್ಚು ಜನರ ಜೊತೆ ಇತ್ತು. ಹೆಚ್ಚು ಹೊತ್ತು ಜೊತೆಗಿದ್ದವರಿಗಿಂತ, ಮಗುವಿನ ಸನ್ನೆಗೆ ಬೇಗ ಓಗೊಟ್ಟವರ ಕಡೆಗೇ ಒಲವು. ಅಜ್ಜಿ, ಚಿಕ್ಕಮ್ಮ, ಅಣ್ಣ ಎಲ್ಲ ಇರುವ ನಮ್ಮ ಮನೆಗಳನ್ನು ಅರ್ಥಮಾಡಿಕೊಳ್ಳಲು ತಾಯಿಯೊಬ್ಬಳನ್ನೇ ಹಿಡಿದು ನಿಲ್ಲುವ ಗೈಡುಗಳಿಗಿಂತ ಈ ಅಧ್ಯಯನ ಹೆಚ್ಚು ಉಪಯುಕ್ತ.

ಹೋಗುವಾಗಿನ ಅಳು, ಬಂದಾಗಿನ ನಡೆ

ಏನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಮನೆಗಳಿಗೆ ಹೋಗಿ ತಾಯಿ-ಮಕ್ಕಳನ್ನು ಗಮನಿಸಿದವರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಬಾಂಧವ್ಯದ ಬಗೆಯನ್ನು ಗುರುತಿಸುವ ‘ಅಪರಿಚಿತ ಸನ್ನಿವೇಶ’ ಎಂಬ ಪರೀಕ್ಷೆಯನ್ನು ರೂಪಿಸಿದರು. ಮಗುವಿನ ವಯಸ್ಸು 12ರಿಂದ 18 ತಿಂಗಳು. ಒಂದು ಕೋಣೆ, ಕುರ್ಚಿಗಳು, ನೆಲದ ಮೇಲೆ ಆಟಿಕೆ. ಒಟ್ಟು 8 ಘಟ್ಟ. ಮೊದಲನೆಯದು ಅರ್ಧ ನಿಮಿಷ, ಉಳಿದವು ತಲಾ 3 ನಿಮಿಷ. ಮಗು ತೀರಾ ಅತ್ತರೆ ಬೇಗ ನಿಲ್ಲಿಸುತ್ತಾರೆ. ತಾಯಿ ಎರಡು ಸಲ ಹೋಗುತ್ತಾಳೆ, ಎರಡು ಸಲ ಬರುತ್ತಾಳೆ; ನಡುವೆ ಅಪರಿಚಿತ ಹೆಂಗಸೊಬ್ಬಳೂ ಬಂದು ಹೋಗುತ್ತಾಳೆ.

ಹೆಚ್ಚಿನವರು ಎಡವುವುದು ಇಲ್ಲೇ. ತಾಯಿ ಹೋದಾಗ ಜೋರಾಗಿ ಅತ್ತ ಮಗುವಿಗೆ ಪ್ರೀತಿ ಜಾಸ್ತಿ, ಅಳದಿದ್ದಕ್ಕೆ ಕಡಿಮೆ ಎಂಬ ಲೆಕ್ಕ ತಲೆಗೆ ತಾನಾಗಿಯೇ ಬಂದುಬಿಡುತ್ತದೆ. ಅಂಕ ಕೊಡುವ ಕ್ರಮ ನೋಡಿದರೆ ಅದು ನಿಲ್ಲುವುದಿಲ್ಲ. ಮಗುವಿನ ಬಾಂಧವ್ಯ ಎ, ಬಿ, ಸಿ ಎಂಬ ವರ್ಗಗಳಲ್ಲಿ (ವಿವರ ಮುಂದಿದೆ) ಯಾವುದು ಎಂದು ನಿರ್ಧರಿಸಲು ಮುಖ್ಯವಾಗಿ ನೋಡುವುದು 5 ಮತ್ತು 8ನೇ ಘಟ್ಟ, ಎಂದರೆ ತಾಯಿ ಮರಳಿ ಬಂದ ಹೊತ್ತು. ಅಲ್ಲಿ ನಾಲ್ಕು ನಡೆಗಳಿಗೆ 1ರಿಂದ 7ರವರೆಗೆ ಅಂಕ: ಹತ್ತಿರ ಬರುವ ಯತ್ನ, ಅಪ್ಪಿದ್ದನ್ನು ಬಿಡದಿರುವುದು, ತಪ್ಪಿಸಿಕೊಳ್ಳುವುದು, ಪ್ರತಿರೋಧ. ಹೋಗುವಾಗ ಎಷ್ಟು ಅತ್ತಿತು ಎಂಬುದು ಈ ನಾಲ್ಕರಲ್ಲಿ ಇಲ್ಲವೇ ಇಲ್ಲ.

ಕಾರಣ ಸರಳ. ಅಳುವಿಗೆ ನೂರು ಮೂಲ: ಹಸಿವು, ನಿದ್ದೆಗಣ್ಣು, ಹುಟ್ಟುಗುಣ, ಒಂಟಿಯಾಗಿದ್ದು ಅಭ್ಯಾಸವಿಲ್ಲದಿರುವುದು. ಮರಳಿ ಬಂದಾಗಿನ ನಡೆ ಮಾತ್ರ ಒಂದು ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ: ಇವರು ಬಂದರೆ ನನ್ನ ಸಂಕಟ ಇಳಿಯುತ್ತದೆ ಎಂಬ ಭರವಸೆ ಈ ಮಗುವಿಗೆ ಇದೆಯೇ?

6, 7, 8ನೇ ಘಟ್ಟಗಳನ್ನು ನಿಧಾನವಾಗಿ ಬಿಡಿಸಿ ನೋಡೋಣ. 6ರಲ್ಲಿ ಮಗು ಒಂಟಿ. 7ರಲ್ಲಿ ಒಳಗೆ ಬರುವುದು ತಾಯಿಯಲ್ಲ, ಅಪರಿಚಿತೆ. ಈ ಘಟ್ಟ ಯಾಕೆ ಬೇಕು ಎಂದು ಗೈಡುಗಳು ಹೇಳುವುದಿಲ್ಲ. ಅಪರಿಚಿತೆ ಎತ್ತಿಕೊಂಡ ಕೂಡಲೇ ಮಗು ಸುಮ್ಮನಾದರೆ, ಅದಕ್ಕೆ ಬೇಕಿದ್ದದ್ದು ಯಾರೋ ಒಬ್ಬರ ಜೊತೆ. ಸುಮ್ಮನಾಗದೆ ಬಾಗಿಲನ್ನೇ ನೋಡಿದರೆ, ಬೇಕಿರುವುದು ಇಂಥವರೇ. 8ರಲ್ಲಿ ತಾಯಿ ಬರುತ್ತಾಳೆ. ಮಗು ಕೈ ಎತ್ತುತ್ತದೆಯೇ, ತೆವಳಿ ಅರ್ಧ ದಾರಿ ಬಂದು ಬೇರೆ ಕಡೆ ತಿರುಗುತ್ತದೆಯೇ? ಎತ್ತಿಕೊಂಡಾಗ ಮೈ ಸಡಿಲವಾಗುತ್ತದೆಯೇ, ಬಿಗಿಯಾಗುತ್ತದೆಯೇ? ಕೆಳಗಿಳಿಸಿದರೆ ಮತ್ತೆ ಆಟಿಕೆಗೆ ಹೋಗುತ್ತದೆಯೇ? ಇವನ್ನು ಬರೆದುಕೊಂಡರೆ ವರ್ಗ ಬಹುತೇಕ ಸಿಕ್ಕಂತೆ.

ನೆನಪಿಗೆ ಮೂರು ಕ್ರಿಯಾಪದ ಸಾಕು. ಎ: ಓಸರಿಸುತ್ತದೆ. ಬಿ: ಒರಗುತ್ತದೆ. ಸಿ: ಒದೆಯುತ್ತದೆ. ಎ ಎಂದರೆ ತಪ್ಪಿಸಿಕೊಳ್ಳುವ ಬಗೆ. ತಾಯಿಯನ್ನು ಒಮ್ಮೆ ನೋಡಿ ಮುಖ ತಿರುಗಿಸುತ್ತದೆ, ಎತ್ತಿಕೊಂಡರೆ ಆಟಿಕೆಯ ಕಡೆ ವಾಲುತ್ತದೆ. ಬಿ ಸುರಕ್ಷಿತ ಬಗೆ. ಅತ್ತಿರಲಿ ಬಿಡಲಿ, ತಾಯಿ ಬಂದಾಗ ಅವಳ ಕಡೆ ತಿರುಗುತ್ತದೆ, ಸಂಕಟವಿದ್ದರೆ ಹತ್ತಿರ ಬಂದು ತಣ್ಣಗಾಗಿ ಮತ್ತೆ ಆಟಕ್ಕಿಳಿಯುತ್ತದೆ. ಸಿ ದ್ವಂದ್ವದ ಬಗೆ. ಎತ್ತಿಕೋ ಎಂದು ಕೈ ಚಾಚುತ್ತದೆ, ಎತ್ತಿಕೊಂಡರೆ ಒದ್ದು ಬೆನ್ನು ಬಿಲ್ಲಾಗಿಸುತ್ತದೆ, ಇಳಿಸಿದರೆ ಮತ್ತೆ ಅಳು. ಸಿ ಮಗು ಒದೆಯುವುದರ ಜೊತೆಗೆ ಅಂಟಿಕೊಳ್ಳುತ್ತದೆ ಕೂಡ, ಮರೆಯಬೇಡಿ. ಎ ಅಕ್ಷರ ಮೊದಲು ಬಂದ ಮಾತ್ರಕ್ಕೆ ಅದೇ ಉತ್ತಮ ಎಂದುಕೊಳ್ಳುವುದು ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪು. ಡಿ ಎಂಬ ನಾಲ್ಕನೆಯದನ್ನು, ಹತ್ತಿರ ಬರುತ್ತ ನಡುವೆ ಸ್ತಬ್ಧವಾಗಿಬಿಡುವಂಥ ದಿಕ್ಕುಗೆಟ್ಟ ನಡೆಯನ್ನು, ಮೇರಿ ಮೇನ್ ಮತ್ತು ಜೂಡಿತ್ ಸಾಲಮನ್ 1980ರ ದಶಕದಲ್ಲಿ ಸೇರಿಸಿದರು.

ಎ ಮಗುವಿಗೆ ಪ್ರೀತಿಯೇ ಇಲ್ಲ ಎಂದು ಬರೆದರೆ ಅದೂ ತಪ್ಪು. ಸ್ರೂಫ್ ಮತ್ತು ವಾಟರ್ಸ್ 1977ರಲ್ಲಿ ಎದೆಬಡಿತ ಅಳೆದು ತೋರಿಸಿದಂತೆ, ಹೊರಗೆ ನಿರಾಳವಾಗಿ ಕಾಣುವ ಈ ಮಕ್ಕಳ ಒಳಗೂ ಉದ್ವೇಗವಿರುತ್ತದೆ. ಅತ್ತರೆ ಫಲವಿಲ್ಲ ಎಂದು ಕಲಿತ ಮಗು ಅಳುವನ್ನು ಅಡಗಿಸಿದೆ, ಅಷ್ಟೇ. ‘ಎಷ್ಟು ಜಾಣ ಮಗು, ಅಳೋದೇ ಇಲ್ಲ’ ಎಂಬ ಹೊಗಳಿಕೆ ಕೇಳಿದಾಗಲೆಲ್ಲ ಇದು ನೆನಪಾಗಲಿ.

ಇನ್ನೊಂದು ಎಚ್ಚರ. ಜಪಾನಿನಲ್ಲಿ ತಕಹಾಶಿ ನಡೆಸಿದ ಅಧ್ಯಯನದಲ್ಲಿ ಸಿ ಬಗೆಯ ಮಕ್ಕಳು ಹೆಚ್ಚು ಕಂಡರು. ತಾಯಿಯಿಂದ ದೂರವಿದ್ದೇ ಗೊತ್ತಿಲ್ಲದ ಆ ಮಕ್ಕಳಿಗೆ ಒಂಟಿ ಬಿಡುವ ಘಟ್ಟವೇ ವಿಪರೀತವಾಗಿತ್ತು. ಹೆಗಲಿಂದ ಹೆಗಲಿಗೆ ಬದಲಾಗುತ್ತ, ಒಂಟಿಯಾಗಿರದೆ ಬೆಳೆಯುವ ನಮ್ಮ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. 1988ರಲ್ಲಿ 8 ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ದೇಶ-ದೇಶಗಳ ನಡುವಿನದಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸವೇ ಹೆಚ್ಚು ಎಂದು ತಿಳಿಯಿತು.

ಎಂಜಲು ಹಂಚಿಕೊಂಡವರು ಹತ್ತಿರದವರು

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆಶ್ಲಿ ಥಾಮಸ್ ಮತ್ತು ಸಂಗಡಿಗರ ಸಂಶೋಧನೆ ಇದು. ಗೈಡುಗಳಿಗೆ ಇನ್ನೂ ಬಂದಿಲ್ಲದಿದ್ದರೂ ಓದಲೇಬೇಕು. ಒಬ್ಬಾಕೆ ಒಂದು ಕೈಗೊಂಬೆಯ ಜೊತೆ ಒಂದೇ ಕಿತ್ತಳೆ ತೊಳೆಯನ್ನು ಕಚ್ಚಿ ಹಂಚಿಕೊಳ್ಳುತ್ತಾಳೆ. ಇನ್ನೊಬ್ಬಾಕೆ ಅದೇ ಗೊಂಬೆಯ ಜೊತೆ ಚೆಂಡಾಡುತ್ತಾಳೆ. ಆಮೇಲೆ ಇಬ್ಬರ ನಡುವೆ ಕೂತ ಗೊಂಬೆ ಅಳುತ್ತದೆ. ಹತ್ತು ತಿಂಗಳೊಳಗಿನ ಶಿಶುಗಳೂ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳೂ ಮೊದಲು ನೋಡಿದ್ದು, ಹೆಚ್ಚು ಹೊತ್ತು ನೋಡಿದ್ದು ಎಂಜಲು ಹಂಚಿಕೊಂಡಾಕೆಯ ಕಡೆ. ಈಕೆ ಈಗ ಸಮಾಧಾನ ಮಾಡಬೇಕಲ್ಲ ಎಂಬ ನಿರೀಕ್ಷೆ ಅದು. ಅಳುವ ಗೊಂಬೆ ಬೇರೆಯದಾದರೆ ಆ ಒಲವು ಕಾಣಲಿಲ್ಲ. ಎಂದರೆ ಮಗು ಲೆಕ್ಕ ಹಾಕುತ್ತಿರುವುದು ಆ ಇಬ್ಬರ ನಡುವಿನ ನಂಟನ್ನು.

ಎಂಜಲು-ಮುಸುರೆಯ ಕಟ್ಟುಪಾಡಿರುವ ಮನೆಗಳಲ್ಲಿ ಇದು ದಿನವೂ ಕಣ್ಣೆದುರೇ ನಡೆಯುತ್ತದೆ. ಪಕ್ಕದ ಮನೆಯವರ ಲೋಟಕ್ಕೆ ತುಟಿ ತಾಗಿಸದವರು ಮಗು ತಟ್ಟೆಯಲ್ಲಿ ಬಿಟ್ಟ ಅನ್ನ ತಿಂದುಬಿಡುತ್ತಾರೆ. ಅಜ್ಜಿ ತನ್ನ ತುಟಿಗೆ ತಾಗಿಸಿ ಬಿಸಿ ನೋಡಿಯೇ ತುತ್ತು ಕೊಡುತ್ತಾಳೆ. ಯಾರೂ ಪಾಠ ಹೇಳದೆಯೇ ಮಗು ಇದನ್ನೆಲ್ಲ ಗಮನಿಸುತ್ತಿರುತ್ತದೆ. ಎರಡು ಜಾಗ್ರತೆ: ಈ ಪ್ರಯೋಗ ಅಳೆದದ್ದು ಬೇರೆಯವರ ನಂಟಿನ ಬಗ್ಗೆ ಮಗುವಿನ ನಿರೀಕ್ಷೆಯನ್ನು, ಮಗುವಿನ ಸ್ವಂತ ಪ್ರೀತಿಯನ್ನಲ್ಲ. ಮತ್ತು ಹಲ್ಲು ಹುಳುಕಿನ ರೋಗಾಣು ಎಂಜಲಿನಿಂದಲೇ ದಾಟುವುದರಿಂದ, ಪ್ರೀತಿ ತೋರಿಸಲೆಂದು ಚಮಚ ಹಂಚಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ.

ಕೊಡುವುದು

14 ತಿಂಗಳ ಮಗು ತನಗೆ ಇಷ್ಟವಾದದ್ದನ್ನು ಕೊಡುತ್ತದೆ, 18 ತಿಂಗಳ ಮಗು ಎದುರಿನವರಿಗೆ ಇಷ್ಟವಾದದ್ದನ್ನು ಕೊಡುತ್ತದೆ. ರೆಪಚೋಲಿ ಮತ್ತು ಗಾಪ್ನಿಕ್ 1997ರಲ್ಲಿ ಬ್ರೊಕೋಲಿ ಮತ್ತು ಬಿಸ್ಕತ್ತು ಇಟ್ಟು ಪರೀಕ್ಷಿಸಿದ್ದು ಇದನ್ನೇ. ಅಳುವ ಗೆಳೆಯನಿಗೆ ಮಗು ತನ್ನ ಅಮ್ಮನನ್ನೇ ಎಳೆದು ತರುತ್ತದೆ, ಗೆಳೆಯನ ಅಮ್ಮ ಅಲ್ಲೇ ಇದ್ದರೂ. ಇದು ಮನಶ್ಶಾಸ್ತ್ರಜ್ಞ ಹಾಫ್‌ಮನ್ ಕೊಟ್ಟ ಉದಾಹರಣೆ. ತನಗೆ ಯಾವುದರಿಂದ ಸಮಾಧಾನವೋ ಅದನ್ನೇ ಕೊಡುವ ಈ ನಡೆಯನ್ನು ದಡ್ಡತನ ಎನ್ನದೆ ಒಂದು ಮೆಟ್ಟಿಲು ಎಂದು ಬರೆಯಿರಿ.

‘ಅಮ್ಮನಿಗೆ ಕೋಪ, ಹಾಗಾದರೆ ಪ್ರೀತಿ ಇಲ್ಲ’

4–5 ವರ್ಷದ ಮಗು ಒಂದೇ ಹೊತ್ತಿಗೆ ಎರಡು ಭಾವ ಇರಬಹುದೆಂದು ಒಪ್ಪುವುದೇ ಕಷ್ಟ. ಒಬ್ಬರ ಮೇಲೆಯೇ ಪ್ರೀತಿಯೂ ಕೋಪವೂ ಒಟ್ಟಿಗೆ ಇರುತ್ತದೆ ಎಂದು ವಿವರಿಸಬಲ್ಲದ್ದು 10–11 ವರ್ಷದ ಹೊತ್ತಿಗೆ (ಹಾರ್ಟರ್ ಮತ್ತು ಬಡಿನ್, 1987). ಅದಕ್ಕೇ ‘ನಿನ್ನ ಒಳ್ಳೆಯದಕ್ಕೇ ಬೈದದ್ದು’ ಎಂಬ ಸಮಜಾಯಿಷಿ ಪುಟ್ಟ ಮಗುವಿಗೆ ನಾಟುವುದಿಲ್ಲ. ಬೈದ ಮೇಲೆ ಹತ್ತಿರ ಕೂರಿಸಿಕೊಂಡು ಊಟ ಬಡಿಸಿದರೆ ನಾಟುತ್ತದೆ. ‘ನಿನ್ನ ಜೊತೆ ಠೂ’ ಎಂದು ಬೆರಳು ತೋರಿಸಿದ ಮಗು ಹತ್ತು ನಿಮಿಷಕ್ಕೆ ಅದೇ ಗೆಳತಿಯ ಜೊತೆ ಮಣ್ಣಾಡುತ್ತಿರುತ್ತದೆ. ಈ ವಯಸ್ಸಿನಲ್ಲಿ ಗೆಳೆತನವೆಂದರೆ ಈಗ ಜೊತೆಗೆ ಆಡುತ್ತಿರುವುದು. ‘ಅಮ್ಮ ಇಷ್ಟಾನಾ, ಅಪ್ಪ ಇಷ್ಟಾನಾ?’ ಎಂದು ನೆಂಟರು ಕೇಳುವ ಪ್ರಶ್ನೆ ಮಗುವನ್ನು ಸುಮ್ಮನೆ ಇಕ್ಕಟ್ಟಿಗೆ ತಳ್ಳುತ್ತದೆ. ಉತ್ತರದಿಂದ ಏನೂ ತಿಳಿಯುವುದಿಲ್ಲ, ಕೇಳದಿರುವುದೇ ಲೇಸು.

ಅಂಗನವಾಡಿ ಬಾಗಿಲಲ್ಲಿ ಗಮನಿಸುವುದು

ಪ್ರಾಯೋಗಿಕ ದಾಖಲೆಗೆ ಮಗುವಿಗೊಂದು ಹಾಳೆ, ಒಂದು ವಾರ. ಬೆಳಿಗ್ಗೆ ಬಿಟ್ಟುಹೋದವರು ಯಾರು, ಹೇಳಿ ಹೋದರೋ ಕಣ್ಣು ತಪ್ಪಿಸಿ ಹೋದರೋ ಬರೆಯಿರಿ. ಕಣ್ಣು ತಪ್ಪಿಸಿ ಹೋದರೆ ಆ ಹೊತ್ತಿಗೆ ಅಳು ತಪ್ಪುತ್ತದೆ, ಆದರೆ ಮಾರನೆಯ ದಿನ ಮಗು ಸೆರಗು ಬಿಡುವುದಿಲ್ಲ. ಯಾವಾಗ ಬೇಕಾದರೂ ಮಾಯವಾಗಬಹುದು ಎಂದು ಅದು ಕಲಿತಿದೆ. ‘ಊಟ ಆಗಿ ನಿದ್ದೆ ಮುಗಿದ ಮೇಲೆ ಬರ್ತೀನಿ’ ಎನ್ನುವುದು ಒಳ್ಳೆಯದು. ‘ಮೂರು ಗಂಟೆಗೆ’ ಎಂದರೆ ಅದಕ್ಕೆ ತಿಳಿಯದು. ಹೇಳಿದ ಹೊತ್ತಿಗೆ ಬರಲೇಬೇಕು.

ಮಧ್ಯಾಹ್ನದ ಭಾಗ ಇನ್ನೂ ಮುಖ್ಯ. ದಿನವಿಡೀ ನಗುತ್ತ ಆಡಿದ ಮಗು ಅಮ್ಮನನ್ನು ಕಂಡ ಕೂಡಲೇ ಗೊಳೋ ಎನ್ನುತ್ತದೆ. ಮನೆಯವರು ‘ಇಲ್ಲಿ ಯಾರೋ ಹೊಡೆದಿದ್ದಾರೆ’ ಎಂದುಕೊಳ್ಳುತ್ತಾರೆ, ಕಾರ್ಯಕರ್ತೆ ‘ನಾಟಕ’ ಎನ್ನುತ್ತಾಳೆ. ಅಳು ಶುರುವಾದದ್ದಕ್ಕಿಂತ ಅದು ಇಳಿದ ಬಗೆ ಬರೆಯಿರಿ: ಎತ್ತಿಕೊಂಡ ಎಷ್ಟು ನಿಮಿಷಕ್ಕೆ ನಿಂತಿತು, ತಲೆ ಹೆಗಲಿಗೆ ಇಟ್ಟಿತೋ ಇಲ್ಲವೋ, ಇಳಿದು ಚಪ್ಪಲಿ ಹಾಕಿಕೊಳ್ಳಲು ಹೋಯಿತೋ ಇಲ್ಲವೋ. ಬೇಗ ತಣ್ಣಗಾದರೆ ಅದು ತಡೆದಿಟ್ಟ ಆಯಾಸವನ್ನು ನಂಬಿದವರ ಮುಂದೆ ಇಳಿಸಿದ್ದು. ವಾರವಿಡೀ ಯಾರ ಹತ್ತಿರವೂ ತಣ್ಣಗಾಗದಿದ್ದರೆ, ಮೈಮೇಲೆ ಗಾಯವಿದ್ದರೆ, ಅಥವಾ ಬಂದವರನ್ನು ಕಂಡು ಮಗು ನಿಂತಲ್ಲೇ ಮರಗಟ್ಟಿದರೆ ಮೇಲ್ವಿಚಾರಕಿಗೆ ಅದೇ ದಿನ ತಿಳಿಸಬೇಕು. ಒಂದು ದಿನದ ನೋಟದಿಂದ ಎ, ಬಿ, ಸಿ ಹಣೆಪಟ್ಟಿ ಹಚ್ಚುವಂತಿಲ್ಲ. ಆ ಅಕ್ಷರಗಳನ್ನು ಕೊಡುವುದು ತರಬೇತಾದವರು, ಮುದ್ರಿಸಿಕೊಂಡ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ ಮೇಲೆ.