ಆಲೂರಿಗೆ ಬಂದದ್ದು ಹೊಸ ಜ್ವರವಲ್ಲ

2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಎಚ್3ಎನ್2 ಸೋಂಕು ತಗುಲಿದ್ದ ಅಲ್ಲಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಕೊರೊನಾ ಕಲಿಸಿದ ಭಯ ಇನ್ನೂ ಆರಿರಲಿಲ್ಲ. ಇದೂ ಹೊಸ ವೈರಸ್ ಇರಬೇಕೆಂದು ಜನ ಹೆದರಿದ್ದು ಸಹಜ. ಆದರೆ ಎಚ್3ಎನ್2 ಎಂಬುದು 1968ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡು ಅಂದಿನಿಂದ ಮನುಷ್ಯರ ನಡುವೆ ಸುತ್ತುತ್ತಲೇ ಇರುವ ಇನ್‌ಫ್ಲುಯೆಂಜಾ. ನಮ್ಮಲ್ಲಿ ಅನೇಕರಿಗೆ ಅದು ಎಂದೋ ಬಂದುಹೋಗಿರುತ್ತದೆ, ಹೆಸರು ಹೇಳದೆ.

ಹೆಸರಿನ ಗೊಂದಲ ಹಳೆಯದು. ಮೂಗು ಸೋರಿದರೂ ಫ್ಲೂ, ಮೈ ಬಿಸಿಯಾದರೂ ಫ್ಲೂ ಎನ್ನುತ್ತೇವೆ. ಚಳಿಜ್ವರವೆಂದರೆ ಮಲೆನಾಡಿನ ಹಿರಿಯರಿಗೆ ಮಲೇರಿಯಾ. ವಿಷಮಶೀತ ಜ್ವರವೆಂದರೆ ಟೈಫಾಯ್ಡ್. ಇನ್‌ಫ್ಲುಯೆಂಜಾ ಇಟಲಿಯ ಮಾತು, 'ಪ್ರಭಾವ' ಎಂದರ್ಥ. ಗ್ರಹ ನಕ್ಷತ್ರಗಳ ಪ್ರಭಾವದಿಂದ ಊರಿಗೆ ಊರೇ ಮಲಗುತ್ತದೆಂದು ಅಲ್ಲಿನವರು ನಂಬಿದ್ದರು. ಗ್ರಹಚಾರ ಎನ್ನುವ ನಮಗೆ ಆ ಯೋಚನೆ ದೂರದ್ದೇನಲ್ಲ. ಮಲೇರಿಯಾ ಕೂಡ ಇಟಲಿಯದೇ, 'ಕೆಟ್ಟ ಗಾಳಿ'. ಗಾಳಿಯ ಹೆಸರು ಹೊತ್ತದ್ದು ಸೊಳ್ಳೆಯಿಂದ ಬರುತ್ತದೆ. ನಕ್ಷತ್ರದ ಹೆಸರು ಹೊತ್ತದ್ದು ಕೆಮ್ಮು, ಸೀನಿನ ಹನಿಗಳ ಜೊತೆ ಗಾಳಿಯಲ್ಲಿ ಬರುತ್ತದೆ.

1918ರ ಬೇಸಿಗೆಯ ಕೊನೆಗೆ ಮುಂಬೈ ಬಂದರಿಗೆ ಬಂದ ಇನ್‌ಫ್ಲುಯೆಂಜಾ ರೈಲು ಹಳಿಗಳ ಗುಂಟ ಒಳನಾಡಿಗೆ ನುಗ್ಗಿತು. ಸೆಪ್ಟೆಂಬರ್ ನಂತರದ ಎರಡನೆಯ ಅಲೆ ಘೋರವಾಗಿತ್ತು. ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂಬ ಅಂದಾಜುಗಳಿವೆ. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಅಂಥ ದಶಕ ಅದೊಂದೇ. ನನ್ನನ್ನು ಹೆಚ್ಚು ಕಾಡುವುದು ಅಂದಿನ ವೈದ್ಯರ ಅಸಹಾಯಕತೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಗುರುತಿಸಿದ ಬ್ಯಾಕ್ಟೀರಿಯಾವೇ ಕಾರಣವೆಂದು ಬಹುಪಾಲು ಜನ ನಂಬಿದ್ದರು. ನಿಜವಾದ ಶತ್ರು ಅವರ ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟು ದೊಡ್ಡದಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ, ಫೆರೆಟ್ ಎಂಬ ಪುಟ್ಟ ಪ್ರಾಣಿಗಳಿಗೆ ಸೋಂಕು ತಗುಲಿಸಿದಾಗ.

ಈ ವೈರಸ್ ವೇಷ ಬದಲಿಸುತ್ತದೆ. ಮೈಮೇಲಿನ ಎರಡು ಪ್ರೋಟೀನುಗಳೇ ಆ 'ಎಚ್' ಮತ್ತು 'ಎನ್'. ಅವು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬದಲಾಗುವುದರಿಂದ ಲಸಿಕೆಯನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಹಕ್ಕಿ, ಹಂದಿಗಳ ವೈರಸ್ಸಿನೊಡನೆ ಬೆರೆತು ಒಮ್ಮೆಲೇ ಬದಲಾದಾಗ 1957, 1968, 2009ರಂಥ ಜಾಗತಿಕ ಪಿಡುಗು ಏಳುತ್ತದೆ.

ನೆಗಡಿ ಮೆಲ್ಲಗೆ ಬರುತ್ತದೆ. ಇನ್‌ಫ್ಲುಯೆಂಜಾ ಬೆಳಿಗ್ಗೆ ತೋಟಕ್ಕೆ ಹೋದವರನ್ನು ಸಂಜೆಗೆ ಹಾಸಿಗೆ ಹಿಡಿಸಬಲ್ಲದು. ತೀವ್ರ ಜ್ವರ, ಮೈಕೈ ನೋವು, ಒಣಕೆಮ್ಮು. ಹೆಚ್ಚಿನವರು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಮ್ಮು ಮಾತ್ರ ಉಳಿಯುತ್ತದೆ. ವೃದ್ಧರು, ಗರ್ಭಿಣಿಯರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಅಥವಾ ಅಸ್ತಮಾ ಇರುವವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಬಹುದು. ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯ ಮುನ್ನ ಜ್ವರ ಬಂದರೆ ಮಂಗನ ಕಾಯಿಲೆಯನ್ನೂ ನೆನೆಯಬೇಕು. ಅದೂ ಹೀಗೇ ದಿಢೀರನೆ ಬರುತ್ತದೆ, ಆದರೆ ಉಣ್ಣೆ ಹುಳು ಕಚ್ಚುವುದರಿಂದ.

ಆ್ಯಂಟಿಬಯೋಟಿಕ್ ಮಾತ್ರೆ ಈ ವೈರಸ್ಸನ್ನು ಮುಟ್ಟುವುದಿಲ್ಲ. ಒಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧ ಮುಟ್ಟುತ್ತದೆ, ಆದರೆ ಮೊದಲ 48 ಗಂಟೆಯೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ಮನೆಯ ಹಿರಿಯರಿಗೆ ಜ್ವರ ಬಂದಾಗ ಕಷಾಯ ಕೊಟ್ಟು ನಾವು ಕಾಯುವುದು ಸಾಮಾನ್ಯವಾಗಿ ಆ ಎರಡೇ ದಿನ.